ಪದದ ಬೆನ್ನು ಹತ್ತಿ: ಬೋಕಿಯ ಮೇಲೆ ಬರೆದ ಹೆಸರು

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ‘ಆಸ್ಟ್ರಸೈಜ್’ ಎಂಬ ಇಂಗ್ಲಿಷ್ ಪದದ ಅರ್ಥವೇನೆಂಬ ಪ್ರಶ್ನೆ ಒಮ್ಮೆಯಾದರೂ ಬಂದೀತು. ‘ಬಹಿಷ್ಕರಿಸು, ಸಮಾಜದಿಂದ ಹೊರಗಿಡು’ ಎಂದು ಹಿರಿಯರು ಹೇಳಿ ಮುಗಿಸುತ್ತಾರೆ. ಉತ್ತರ ತಪ್ಪಲ್ಲ, ಆದರೆ ಆ ಪದದ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಗ್ರೀಕ್ ಭಾಷೆಯಲ್ಲಿ ‘ಆಸ್ಟ್ರಕಾನ್’ ಎಂದರೆ ಒಡೆದ ಮಡಕೆಯ ಚೂರು, ನಮ್ಮ ಬೋಕಿ. ಚಿಪ್ಪು ಎಂಬ ಅರ್ಥವೂ ಅದಕ್ಕುಂಟು. ಎಲುಬಿಗೆ ಗ್ರೀಕರು ಹೇಳುವ ‘ಆಸ್ಟಿಯಾನ್’ ಮತ್ತು ಸಂಸ್ಕೃತದ ‘ಅಸ್ಥಿ’ ಒಂದೇ ಮೂಲದವು; ಆಸ್ಟ್ರಕಾನ್ ಕೂಡ ಅದೇ ಬಳಗದ್ದೆಂದು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ.

ಬೋಕಿಗೂ ಬಹಿಷ್ಕಾರಕ್ಕೂ ಎತ್ತಣ ನಂಟು? ಅದನ್ನರಿಯಲು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿಗೆ ಹೋಗಬೇಕು. ಒಬ್ಬನೇ ಬಲಾಢ್ಯನಾಗಿ ಬೆಳೆದು ಊರಿಗೆ ಸರ್ವಾಧಿಕಾರಿಯಾಗಬಾರದೆಂದು ಅಲ್ಲಿನ ಜನ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಈ ವರ್ಷ ಯಾರನ್ನಾದರೂ ಹೊರಗೆ ಕಳುಹಿಸಬೇಕೇ ಎಂದು ವರ್ಷಕ್ಕೊಮ್ಮೆ ಪೌರಸಭೆಯನ್ನು ಕೇಳಲಾಗುತ್ತಿತ್ತು. ಹೌದೆಂದರೆ, ಕೆಲವು ವಾರಗಳ ಬಳಿಕ ಪೌರರು ಬೋಕಿಯ ಮೇಲೆ ಒಬ್ಬೊಬ್ಬನ ಹೆಸರು ಗೀರಿ ತರುತ್ತಿದ್ದರು. ಪೌರರೆಂದರೆ ಗಂಡಸರು ಮಾತ್ರ. ಹೆಂಗಸರಿಗೂ ಗುಲಾಮರಿಗೂ ಆ ಹಕ್ಕಿರಲಿಲ್ಲ. 6000 ಬೋಕಿಗಳ ಲೆಕ್ಕ ತುಂಬಿದರಷ್ಟೇ ಮತಕ್ಕೆ ಬೆಲೆ. ಆಯ್ಕೆಯಾದವನು 10 ದಿನಗಳೊಳಗೆ ನಾಡು ಬಿಟ್ಟು 10 ವರ್ಷ ಹೊರಗಿರಬೇಕು. ಆದರೆ ಅವನ ಹೊಲಮನೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಧಿ ತೀರಿದ ಮೇಲೆ ಮರಳಿ ಬಂದರೆ ಅವನು ಮೊದಲಿನಂತೆಯೇ ಪೌರ.

ಕ್ರಿ.ಪೂ. 482ರಲ್ಲಿ ಅರಿಸ್ಟೈಡೀಸನ ಸರದಿ ಬಂದಿತು. ನ್ಯಾಯನಿಷ್ಠನೆಂದು ಅವನಿಗೆ ಹೆಸರು. ಅಕ್ಷರ ಬಾರದ ಹಳ್ಳಿಗನೊಬ್ಬ ಅವನೆಂದರಿಯದೆ ಅವನ ಕೈಗೇ ಬೋಕಿ ಕೊಟ್ಟು, ಅರಿಸ್ಟೈಡೀಸನ ಹೆಸರು ಬರೆದುಕೊಡೆಂದು ಕೇಳಿದನಂತೆ. ಅವನಿಂದ ನಿನಗೇನು ಕೇಡಾಯಿತೆಂದರೆ, ಕೇಡೇನಿಲ್ಲ, ಎಲ್ಲೆಲ್ಲೂ ಅವನನ್ನು ನ್ಯಾಯವಂತನೆಂದು ಹೊಗಳುವುದನ್ನು ಕೇಳಿ ಸಾಕಾಗಿದೆ ಎಂದನಂತೆ. ಅರಿಸ್ಟೈಡೀಸ್ ಮಾತಾಡದೆ ಬರೆದುಕೊಟ್ಟನು. ಇದು ಪ್ಲುಟಾರ್ಕ್ ಹೇಳುವ ಕಥೆ. ಎರಡೇ ವರ್ಷಗಳಲ್ಲಿ ಪರ್ಷಿಯದ ದಂಡು ಏರಿಬಂದಾಗ ಅಥೆನ್ಸಿನವರು ಅವನನ್ನೇ ಮರಳಿ ಕರೆಸಿಕೊಂಡರು.

ಈ ಪದ್ಧತಿ ಶುದ್ಧವಾಗಿತ್ತೆಂದಲ್ಲ. ಅಕ್ರೊಪೊಲಿಸ್ ಗುಡ್ಡದ ಬಳಿಯ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿದ್ದ ಸುಮಾರು 190 ಬೋಕಿಗಳು ದೊರೆತವು. ಬರಹ ಪರೀಕ್ಷಿಸಿದರೆ ಅವಷ್ಟೂ ಬರೀ ಹದಿನಾಲ್ಕು ಮಂದಿಯ ಕೈಬರಹ! ಹಂಚಲೆಂದು ಯಾರೋ ಮೊದಲೇ ಬರೆಸಿಟ್ಟಿದ್ದರೆಂದು ತೋರುತ್ತದೆ. ಚುನಾವಣೆಯ ಚಾಳಿ ಹೊಸದೇನಲ್ಲ.

ನಮ್ಮ ‘ಬಹಿಷ್ಕಾರ’ ಪದಕ್ಕೆ ಹೊರಗೆ ಮಾಡುವುದು ಎಂದು ಅರ್ಥ. ವಿದ್ಯಾರ್ಥಿಗಳು ಪರೀಕ್ಷೆ ಬಹಿಷ್ಕರಿಸಿದರು ಎನ್ನುವಾಗ ಹೊರಗುಳಿಯುವವರು ತಾವಾಗಿಯೇ ಹೊರಗುಳಿಯುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಬಾಯ್ಕಾಟ್’ ಎಂಬ ಬೇರೆ ಪದವಿದೆ. ಒಂದು ಮನೆಯನ್ನೇ ಊರು ಹೊರಗಿಟ್ಟಾಗಲೂ ನಾವು ಇದೇ ಪದ ಬಳಸುತ್ತೇವೆ. ಅಥೆನ್ಸಿನಲ್ಲಿ ಎಣಿಕೆಯಿತ್ತು, ಅವಧಿಯಿತ್ತು, ಮರಳುವ ದಾರಿಯಿತ್ತು. ಇಂಗ್ಲಿಷಿಗೆ ಬರುವ ಹೊತ್ತಿಗೆ ಆ ಪದದಿಂದ ಈ ಮೂರೂ ಕಳಚಿಹೋದವು. ನಮ್ಮ ಹಳ್ಳಿಯ ಬಹಿಷ್ಕಾರದಲ್ಲಿ ಅವು ಎಂದೂ ಇರಲಿಲ್ಲ. ನೆರೆಯ ಮಹಾರಾಷ್ಟ್ರವು ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರಿ 2016ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು.

ನಾನು ಬಾಲಕನಾಗಿದ್ದಾಗ ನಮ್ಮೂರಿನಲ್ಲಿ ಒಂದು ಮನೆಯನ್ನು ಹೀಗೆ ಹೊರಗಿಟ್ಟಿದ್ದರು. ಮಗಳನ್ನು ಬೇರೆ ಜಾತಿಗೆ ಕೊಟ್ಟರೆಂಬುದೇ ಕಾರಣ. ಅವರಿಗೆ ಯಾರೂ ಕೆಂಡ ಕೊಡುತ್ತಿರಲಿಲ್ಲ. ಗಿರಣಿಯಲ್ಲಿ ಅವರ ಜೋಳ ಬೀಸುತ್ತಿರಲಿಲ್ಲ. ಆ ಮನೆಯ ಹಿರಿಯ ತೀರಿಕೊಂಡಾಗ ಹೆಗಲು ಕೊಡಲು ಪರವೂರಿನಿಂದ ಬೀಗರು ಬರಬೇಕಾಯಿತು. ಇದನ್ನು ತೀರ್ಮಾನಿಸಿದವರು ಯಾರು, ಎಷ್ಟು ವರ್ಷಕ್ಕೆ ಎಂದು ಕೇಳಿದರೆ ಹೇಳುವವರಿರಲಿಲ್ಲ. ಆ ಮನೆಯ ಹುಡುಗ ನನ್ನ ತರಗತಿಯವನೇ. ಸಂಜೆಯ ಹೊತ್ತು ತನ್ನ ಅಂಗಳದಲ್ಲಿ ಗೆರೆ ಎಳೆದು, ಬೋಕಿ ಎಸೆದು, ಒಬ್ಬನೇ ಕುಂಟೆಬಿಲ್ಲೆ ಆಡುತ್ತಿದ್ದ. ಆ ಕಡೆ ಹೋಗಬೇಡವೆಂದು ಅವ್ವ ಹೇಳಿದ್ದಳು. ನಾನು ಹೋಗಲಿಲ್ಲ.