ಬೆನ್ನು ಮಾತ್ರ ಸ್ಟೀಲು!

ಪುತ್ತೂರು, ಸುಳ್ಯ, ಕಡಬ ಕಡೆಯ ಹಳೆಯ ಮನೆಗಳ ಕಪಾಟು ತಡಕಿದರೆ ಒಂದಾದರೂ ಡಿಜಿಟಲ್ ವಾಚು ಸಿಗುವುದು ಕಷ್ಟವಲ್ಲ. ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದ ಮಾವನೋ ಚಿಕ್ಕಪ್ಪನೋ ರಜೆಯಲ್ಲಿ ಬರುವಾಗ ತಂದದ್ದು, ಎಸ್ಸೆಸ್ಸೆಲ್ಸಿ ಪಾಸಾದವನ ಕೈಗೆ ಕಟ್ಟಿದ್ದು. ಇಂಥ ವಾಚುಗಳನ್ನು ಹುಡುಕಿ ಕೂಡಿಡುವ ಹವ್ಯಾಸ ಈಗ ಜಗತ್ತಿನಾದ್ಯಂತ ಇದೆ. ಮನೆಯ ಮಕ್ಕಳಿಗೂ ಕುತೂಹಲ: ಇದಕ್ಕೆ ಬೆಲೆ ಬರುತ್ತದೆಯೇ? ವಾಚನ್ನು ಮಗುಚಿ ನೋಡುತ್ತಾರೆ. ಹಿಂದೆ ಇಂಗ್ಲಿಷಿನಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಕೆತ್ತಿರುತ್ತದೆ. “ಸ್ಟೀಲಿನದ್ದೇ!” ಎಂದು ಎಲ್ಲರಿಗೂ ಸಮಾಧಾನ.

ಆ ಮೂರನೆಯ ಪದವನ್ನು ಓದಿದವರು ಕಡಿಮೆ. ‘ಬ್ಯಾಕ್’ ಎಂದರೆ ಬೆನ್ನು. ಅಂದರೆ ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಕೆಲವು ವಾಚುಗಳಲ್ಲಿ ಪಕ್ಕದಲ್ಲೇ ‘ಬೇಸ್ ಮೆಟಲ್ ಬೆಜೆಲ್’ ಎಂಬ ಇನ್ನೊಂದು ಸಾಲು ಇರುತ್ತದೆ. ಮುಂದಿನ ಭಾಗ ಹಿತ್ತಾಳೆಯದ್ದೋ ಸತುವಿನ ಮಿಶ್ರಲೋಹದ್ದೋ, ಮೇಲೆ ಕ್ರೋಮಿಯಂ ಲೇಪನ ಎಂದು ಅದರ ಅರ್ಥ. ತಯಾರಕರು ಸುಳ್ಳು ಹೇಳಿಲ್ಲ, ನಾವು ಪೂರ್ತಿ ಓದಿಲ್ಲ ಅಷ್ಟೆ.

ಸ್ಟೀಲೂ ಹೊಳೆಯುತ್ತದೆ, ಲೇಪನವೂ ಹೊಳೆಯುತ್ತದೆ. ಹೊಳಪಿನ ಹಿಂದಿರುವುದು ಎರಡರಲ್ಲೂ ಕ್ರೋಮಿಯಮ್ಮೇ. ಆದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಕಬ್ಬಿಣದೊಡನೆ ಒಳಗೆಲ್ಲ ಬೆರೆತಿರುತ್ತದೆ, ಸಾಮಾನ್ಯವಾಗಿ ನೂರಕ್ಕೆ 18 ಪಾಲಿನಷ್ಟು. ಗೀರು ಬಿದ್ದರೆ ಗೀರಿನ ತಳದಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದ ತೆಳು ಪದರವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಗಾಯ ತಾನಾಗಿಯೇ ಮಾಯುವ ಚರ್ಮದಂತೆ. ಲೇಪನಕ್ಕೆ ಆ ಶಕ್ತಿ ಇಲ್ಲ. ಅದರಲ್ಲಿ ಮೊದಲೇ ಸೂಕ್ಷ್ಮ ರಂಧ್ರಗಳಿರುತ್ತವೆ. ಬೆವರಿನ ಉಪ್ಪುನೀರು ಅಲ್ಲಿಂದ ಇಳಿದು ಕೆಳಗಿನ ಹಿತ್ತಾಳೆಯನ್ನು ತಿನ್ನುತ್ತದೆ. ಮೊದಲು ಚುಕ್ಕೆ, ಆಮೇಲೆ ಹಸಿರು ಕಿಲುಬು, ಕೊನೆಗೆ ಸಣ್ಣ ಗುಂಡಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ, ಚಪ್ಪಲಿಗೂ ಬೂಷ್ಟು ಹಿಡಿಯುವ ಈ ಊರುಗಳಲ್ಲಿ ಇದಕ್ಕೆ ಬಹಳ ಕಾಲ ಬೇಡ.

ಅಡಿಕೆ ತೋಟದವರಿಗೆ ಇನ್ನೊಂದು ಅಪಾಯವೂ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರಷ್ಟೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಹಿರಿಯರು ಕತ್ತಿಯ ಅಲಗನ್ನು ಅದ್ದಿ ನೋಡುವುದುಂಟು. ಅಲಗು ಕೆಂಪಗಾದರೆ ಇನ್ನೂ ಸುಣ್ಣ ಬೇಕು. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂತದ್ದರಿಂದ ಆ ಕೆಂಪು. ಪಾಠಪುಸ್ತಕದ ‘ಸ್ಥಾನಪಲ್ಲಟ ಕ್ರಿಯೆ’ ಇದೇ. ಸತುವು ಕಬ್ಬಿಣಕ್ಕಿಂತಲೂ ಸುಲಭವಾಗಿ ತಾಮ್ರಕ್ಕೆ ಜಾಗ ಬಿಟ್ಟುಕೊಡುವ ಲೋಹ. ಲೇಪನ ಸವೆದ ಸತುವಿನ ಕವಚದ ವಾಚು ಕಟ್ಟಿಕೊಂಡು ಮೈಲುತುತ್ತು ಕದಡಿದರೆ ಏನಾದೀತೆಂದು ಹತ್ತನೆಯ ತರಗತಿಯವರು ತಾವೇ ಹೇಳಬಲ್ಲರು.

ಹಾಗಾದರೆ ಒಳ್ಳೆಯ ಲೋಹವನ್ನೇ ಏಕೆ ಬಳಸಲಿಲ್ಲ? ಉತ್ತರ ಒಳಗಿನ ಚಿಪ್ಪಿನ ಬೆಲೆಯಲ್ಲಿದೆ. ಅಂಗಡಿಗೆ ಬಂದ ಮೊದಲ ಎಲೆಕ್ಟ್ರಾನಿಕ್ ಡಿಜಿಟಲ್ ಕೈಗಡಿಯಾರ ಅಮೆರಿಕದ ಹ್ಯಾಮಿಲ್ಟನ್ ಕಂಪೆನಿಯ ‘ಪಲ್ಸರ್’. ಅದು ಬಂದದ್ದು 1972ರಲ್ಲಿ. ಕವಚ 18 ಕ್ಯಾರೆಟ್ ಚಿನ್ನ, ಬೆಲೆ 2100 ಡಾಲರು. ಆಗ ಅಲ್ಲಿ ಸಣ್ಣದೊಂದು ಕಾರಿಗೆ ಸುಮಾರು ಅಷ್ಟೇ ಬೆಲೆ. ಒಳಗಿನ ಯಂತ್ರವೇ ಅಷ್ಟು ದುಬಾರಿಯಾಗಿದ್ದಾಗ ಚಿನ್ನದ ಅಂಗಿ ತೊಡಿಸಿದ್ದು ಸಹಜ. ನಾಲ್ಕೇ ವರ್ಷದಲ್ಲಿ ಚಿಪ್ಪು ಅಗ್ಗವಾಯಿತು. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ಪ್ಲಾಸ್ಟಿಕ್ ಕವಚದ ಡಿಜಿಟಲ್ ವಾಚನ್ನು ಸುಮಾರು 20 ಡಾಲರಿಗೆ ಮಾರಿತು. ಅಲ್ಲಿಂದ ಮುಂದೆ ಪೈಪೋಟಿಯೆಲ್ಲ ಅಗ್ಗದ ಕಡೆಗೆ. ಕವಚಕ್ಕೆ ಹಣ ಸುರಿಯುವವರು ವಿರಳರಾದರು. ಘನ ಸ್ಟೀಲು, ಟೈಟಾನಿಯಂ, ಚಿನ್ನದ ಹಳೆಯ ಡಿಜಿಟಲ್ ವಾಚುಗಳನ್ನು ಸಂಗ್ರಾಹಕರು ಹುಡುಕುವುದು ಇದೇ ಕಾರಣಕ್ಕೆ.

ಟೈಟಾನಿಯಂ ಕವಚದ ಮೊದಲ ಕೈಗಡಿಯಾರವನ್ನು 1970ರಲ್ಲಿ ತಂದದ್ದು ಜಪಾನಿನ ಸಿಟಿಜನ್. ಅದು ಡಿಜಿಟಲ್ ಅಲ್ಲ, ಮುಳ್ಳಿನ ವಾಚು. ಕನ್ನಡಿಗರಿಗೆ ಈ ಸಿಟಿಜನ್ ಹೊಸಬರಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ತಯಾರಿಸಲು ಆರಂಭಿಸಿದ್ದು ಅವರ ಸಹಯೋಗದಿಂದಲೇ. ಟೈಟಾನಿಯಂ ಸ್ಟೀಲಿಗಿಂತ ಬಹಳ ಹಗುರ, ಬೆವರಿಗೆ ಜಗ್ಗದು. ಅದರ ಅದಿರು ಇಲ್ಮನೈಟ್ ನಮ್ಮಿಂದ ದೂರದ್ದೂ ಅಲ್ಲ, ಕೇರಳದ ಕೊಲ್ಲಂ ಸಮೀಪದ ಚವರದ ಕಪ್ಪು ಮರಳಿನಲ್ಲಿ ಧಾರಾಳವಾಗಿದೆ. ಕಷ್ಟ ಇರುವುದು ಲೋಹವನ್ನು ಆಮ್ಲಜನಕದಿಂದ ಬಿಡಿಸುವುದರಲ್ಲಿ ಮತ್ತು ಕಡೆಯುವುದರಲ್ಲಿ.

ಪ್ಲಾಸ್ಟಿಕ್ ವಾಚುಗಳ ಕತೆ ಬೇರೆ. 1989ರಲ್ಲಿ ಬಂದ ಕ್ಯಾಸಿಯೊ ಎಫ್-91ಡಬ್ಲ್ಯು ಯಾರಿಗೆ ಗೊತ್ತಿಲ್ಲ? ಅದು ರಾಳದ ಕವಚದ್ದು. ಬೆಳ್ಳಿಯಂತೆ ಮಿನುಗುವ ಅದರ ಬಂಧುಗಳಲ್ಲಿ ಕೆಲವಕ್ಕೆ ಪಟ್ಟಿ ಮಾತ್ರ ಸ್ಟೀಲಿನದು, ಕವಚ ಕ್ರೋಮ್ ಬಳಿದ ಪ್ಲಾಸ್ಟಿಕ್ಕು! 1983ರ ಮೊದಲ ಜಿ-ಶಾಕ್ ಒಳಗೆ ಸ್ಟೀಲು, ಹೊರಗೆ ಮೆತ್ತನೆಯ ಯುರೆಥೇನ್ ಕವಚ. ಎತ್ತರದಿಂದ ಬಿದ್ದರೂ ಒಡೆಯಬಾರದೆಂದು ಮಾಡಿದ್ದು. ಬೀಳುವುದನ್ನು ಅದು ತಾಳಿಕೊಂಡಿತು, ತೇವವನ್ನು ತಾಳಲಿಲ್ಲ. ಗಾಳಿಯ ನೀರಾವಿ ಯುರೆಥೇನಿನ ಉದ್ದುದ್ದ ಅಣುಸರಪಳಿಗಳನ್ನು ನಿಧಾನವಾಗಿ ಕಡಿಯುತ್ತದೆ. ದಶಕಗಳು ಕಳೆದ ಮೇಲೆ ಕವಚ ಅಂಟಂಟಾಗುತ್ತದೆ, ಇಲ್ಲವೇ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಹಾಗಾಗಿ ನಲವತ್ತು ಆಟಿ ಕಳೆದೂ ಗಟ್ಟಿಯಾಗಿ ಉಳಿದ ಮೂಲ ಯುರೆಥೇನ್ ಕವಚವಾಗಲಿ, ಚುಕ್ಕೆ ಇಲ್ಲದ ಲೇಪನದ ಕವಚವಾಗಲಿ ನಮ್ಮ ಊರಿನ ಮಟ್ಟಿಗೆ ಟೈಟಾನಿಯಂಗಿಂತ ಕಡಿಮೆ ಅಪರೂಪವಲ್ಲ.

ಕವಚ ಯಾವುದರದ್ದೆಂದು ಪತ್ತೆ ಮಾಡುವುದು ಹೇಗೆ? ಅಯಸ್ಕಾಂತ ಹಿಡಿಯುವುದು ವ್ಯರ್ಥ. ಹಿತ್ತಾಳೆಗೂ ಅಂಟದು, ವಾಚಿನ ಸ್ಟೀಲಿಗೂ ಹೆಚ್ಚಾಗಿ ಅಂಟದು. ಪಟ್ಟಿ ಕಳಚಿ, ಅದರ ಕಡ್ಡಿ ಕೂರುವ ತೂತುಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಳದಿ ಇಣುಕಿದರೆ ಹಿತ್ತಾಳೆ. ರಿಪೇರಿಯವರು ಯಂತ್ರ ಮತ್ತು ಗಾಜು ತೆಗೆದು ಕೊಟ್ಟ ಖಾಲಿ ಕವಚ ಸಿಕ್ಕಿದರೆ ಆರ್ಕಿಮಿಡೀಸನ ವಿಧಾನ ಉಂಟಲ್ಲ! 18 ಗ್ರಾಂ ತೂಗುವ ಕವಚ ಅಳತೆಯ ಜಾಡಿಯಲ್ಲಿ 4 ಮಿಲಿಲೀಟರು ನೀರು ಏರಿಸಿದರೆ ಸಾಂದ್ರತೆ 4.5, ಅದು ಟೈಟಾನಿಯಂ ಇರಬಹುದು. ಎರಡೂಕಾಲು ಮಿಲಿಲೀಟರಿನಷ್ಟು ಮಾತ್ರ ಏರಿದರೆ ಸಾಂದ್ರತೆ 8ರ ಹತ್ತಿರ. ಆಗ ಸ್ಟೀಲೋ ಹಿತ್ತಾಳೆಯೋ ಎಂದು ಶಾಲೆಯ ಜಾಡಿ ತೀರ್ಪು ಕೊಡಲಾರದು, ಎರಡರ ಸಾಂದ್ರತೆ ಅಷ್ಟು ಸಮೀಪ. ಇಡೀ ವಾಚನ್ನು ಮಾತ್ರ ಮುಳುಗಿಸಬಾರದು. ಒಳಗಿನ ಗಾಳಿಯಿಂದ ಲೆಕ್ಕವೂ ತಪ್ಪುತ್ತದೆ, ವಾಚೂ ಹಾಳಾಗುತ್ತದೆ.

ಹೆತ್ತವರು ಗಮನಿಸಬೇಕಾದದ್ದು ಇನ್ನೊಂದಿದೆ. ಹಳೆಯ ವಾಚು ಕಟ್ಟಿದ ಜಾಗದಲ್ಲಿ ಮಗುವಿಗೆ ತುರಿಕೆ, ಕೆಂಪು ದದ್ದು ಎದ್ದರೆ “ಸೆಲ್ಲಿನ ಕರೆಂಟು” ಎಂದು ಹೇಳುವವರಿದ್ದಾರೆ. ಕರೆಂಟಿನ ಪಾಪವಲ್ಲ ಅದು. ಕ್ರೋಮಿಯಮ್ಮಿನ ಕೆಳಗೆ ಸಾಮಾನ್ಯವಾಗಿ ನಿಕ್ಕಲ್ಲಿನ ಪದರ ಇರುತ್ತದೆ. ಮೇಲಿನದು ಸವೆದಾಗ ಬೆವರಿನಲ್ಲಿ ನಿಕ್ಕಲ್ ಕರಗಿ, ಅದು ಒಗ್ಗದವರ ಚರ್ಮವನ್ನು ಕೆರಳಿಸುತ್ತದೆ. ಮೈಗೆ ತಾಗುವ ವಸ್ತುಗಳಿಂದ ಹೊರಬರುವ ನಿಕ್ಕಲ್ಲಿಗೆ ಯುರೋಪ್ ಒಕ್ಕೂಟ 1994ರಲ್ಲೇ ಮಿತಿ ಹಾಕಿತು. ದದ್ದು ಎದ್ದವರು ಆ ವಾಚು ಕಟ್ಟದಿರುವುದೇ ಮದ್ದು.

ದೇವರ ದೀಪದಂತೆ ಹುಣಸೆಹುಳಿ ಹಾಕಿ ತಿಕ್ಕುವುದಂತೂ ಬೇಡ. ಉಳಿದ ಲೇಪನವೂ ಹೋಗುತ್ತದೆ. ಒಣ ಮೆತ್ತನೆಯ ಬಟ್ಟೆ ಸಾಕು. ಓಡದ ವಾಚಾದರೆ ಮೊದಲು ಸೆಲ್ಲು ತೆಗೆಸಿ, ಸೋರಿದ ಕ್ಷಾರ ಒಳಗಿನ ತಾಮ್ರದ ಗೆರೆಗಳನ್ನು ತಿಂದುಬಿಡುತ್ತದೆ. ತೆಗೆದ ಗುಂಡಿ ಸೆಲ್ಲು ಪುಟ್ಟ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ, ಅದರಲ್ಲೂ ಲಿಥಿಯಂ ಸೆಲ್ಲಾದರೆ, ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು. ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.