ರಿಮೋಟ್ ಕೆಳಗಿಟ್ಟ ಮೇಲೆ ಶುರುವಾಗುವ ಪಾಠ

ಕಳೆದ ರಜೆಯಲ್ಲಿ ತಂಗಿಯ ಮಗ ಎರಡು ದಿನದ ರೋಬೋಟ್ ಶಿಬಿರಕ್ಕೆ ಹೋಗಿ ಬಂದ. ಕೈಯಲ್ಲಿ ಸರ್ಟಿಫಿಕೇಟ್, ಚೀಲದಲ್ಲಿ ಒಂದು ಪುಟ್ಟ ಗಾಡಿ. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬಿತ್ತು, ದುಬೈಯಿಂದ ಜುಬೈಲ್ ತನಕ ಎಲ್ಲರದ್ದೂ 'ಮಾಶಾ ಅಲ್ಲಾಹ್'. ಮೊಬೈಲ್‌ನಲ್ಲಿ ಬಟನ್ ಒತ್ತಿದರೆ ಗಾಡಿ ಓಡುತ್ತಿತ್ತು.

"ಮೊಬೈಲ್ ಕೆಳಗಿಡು. ಈಗ ಅದು ಎಂತ ಮಾಡ್ತದೆ?" ಕೇಳಿದೆ.

"ನಿಲ್ತದೆ ಮಾಮ."

"ಒಳಗಿನ ಪ್ರೋಗ್ರಾಂ ಯಾರು ಬರೆದದ್ದು?"

"ಅದು ಅವರೇ ಹಾಕಿ ಕೊಟ್ಟದ್ದು."

ಹುಡುಗನ ತಪ್ಪಲ್ಲ. ನಾವು ದುಡ್ಡು ಕೊಟ್ಟದ್ದೇ ಫೋಟೋಕ್ಕೆ. ರಿಮೋಟಿನಲ್ಲಿ ಓಡುವುದು ಆಟಿಕೆ. ಸುತ್ತಮುತ್ತ ಏನಿದೆ ಎಂದು ಸೆನ್ಸರ್‌ನಿಂದ ತಿಳಿದು, ಎತ್ತ ತಿರುಗಬೇಕೆಂದು ತಾನೇ ನಿರ್ಧರಿಸಿ ಚಲಿಸುವುದು ಸ್ವಯಂಚಾಲಿತ ರೋಬೋಟ್. ಆ ನಿರ್ಧಾರವನ್ನು ಬರೆದುಕೊಡುವುದೇ ಕಲಿಯಬೇಕಾದ ವಿದ್ಯೆ. ಎರಡು ದಿನದಲ್ಲಿ ಅದು ಬರುವುದಿಲ್ಲ.

ಶಿಬಿರಕ್ಕೆ ಹೋಗಬೇಕೆಂದು ಮೊದಲು ಕೇಳಿದವಳು ಅವನ ಅಕ್ಕ. ಪಿಯುಸಿ ಸೈನ್ಸ್ ಓದುವವಳು. "ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ" ಎಂದು ಮನೆಯಲ್ಲಿ ಬೇಡ ಅಂದರು. ಆ ದಿನ ನಾನೂ ಸುಮ್ಮನಿದ್ದೆ, ಅದನ್ನು ಒಪ್ಪಿಕೊಳ್ಳಬೇಕು. ಶೋಕೇಸ್ ಸೇರಿದ್ದ ಗಾಡಿಯನ್ನು ಕೆಳಗಿಳಿಸಿ ಬಿಚ್ಚಿದ್ದು ಅವಳೇ. ಒಳಗಿದ್ದದ್ದು ಒಂದು ಆರ್ಡುಯಿನೋ ಬೋರ್ಡ್, ಮೋಟಾರಿಗೆ ಕರೆಂಟ್ ಕೊಡುವ ಇನ್ನೊಂದು ಬೋರ್ಡ್, ಎರಡು ಮೋಟಾರ್. ಎರಡು ಇನ್‌ಫ್ರಾರೆಡ್ ಸೆನ್ಸರ್ ತರಿಸಿಕೊಂಡಳು. ಹಜಾರದ ಬಿಳಿ ಟೈಲ್ಸಿನ ಮೇಲೆ ವಯರಿಂಗಿನವರ ಕಪ್ಪು ಟೇಪ್ ಅಂಟಿಸಿದಳು. ಗಾಡಿ ಆ ಗೆರೆ ಹಿಡಿದು ತಾನಾಗಿ ಹೋಗಬೇಕು. ಹೊಸಬರು ಶುರುಮಾಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಕೆಲಸ ಮಾಡುವ ರೀತಿ ಸರಳ. ಬಿಳಿ ನೆಲ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಟೇಪ್ ಹೀರಿಕೊಳ್ಳುತ್ತದೆ. ಬೋರ್ಡ್ ಅದನ್ನು 0ಯಿಂದ 1023ರೊಳಗಿನ ಒಂದು ಅಂಕಿಯಾಗಿ ಓದುತ್ತದೆ. ಬಿಳಿಯ ಅಂಕಿ, ಕಪ್ಪಿನ ಅಂಕಿ ನೋಡಿ ನಡುವೆ ಒಂದು ಗಡಿ ಇಡಬೇಕು. ಎಡಗಡೆಯ ಸೆನ್ಸರ್‌ಗೆ ಕಪ್ಪು ಕಂಡರೆ ಎಡಕ್ಕೆ ತಿರುಗು, ಬಲಗಡೆಯದ್ದಕ್ಕೆ ಕಂಡರೆ ಬಲಕ್ಕೆ, ಎರಡಕ್ಕೂ ಕಾಣದಿದ್ದರೆ ನೇರ ಹೋಗು. ಇಷ್ಟನ್ನೇ ಸೆಕೆಂಡಿಗೆ ನೂರಾರು ಸಲ ಮತ್ತೆ ಮತ್ತೆ ಕೇಳುತ್ತಾ ಇರಬೇಕು.

ರಾತ್ರಿ ಗಾಡಿ ಚಂದದಲ್ಲಿ ಓಡಿತು. ಬೆಳಿಗ್ಗೆ ಉಮ್ಮನಿಗೆ ತೋರಿಸಲು ಹೋದರೆ ಕಿಟಕಿಯ ಹತ್ತಿರ ದಾರಿ ತಪ್ಪಿ ಸೋಫಾದ ಅಡಿಗೆ ಹೋಯಿತು. ಪ್ರೋಗ್ರಾಂ ಅದೇ, ಗೆರೆಯೂ ಅದೇ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ, ಸೆನ್ಸರ್‌ನ ಅಂಕಿಯೇ ಬದಲಾಗಿತ್ತು. ಅದು ಗೊತ್ತಾಗಲು ಅವಳಿಗೆ ಮೂರು ದಿನ ಬೇಕಾಯಿತು. ಬ್ಯಾಟರಿ ಇಳಿದಾಗ ಮತ್ತೆ ಹೀಗೆಯೇ ಆಯಿತು. ಈ ಮೂರು ದಿನದ ತಲೆಬಿಸಿಯೇ ನಿಜವಾದ ಶಿಕ್ಷಣ. ಸರ್ಟಿಫಿಕೇಟಿನಲ್ಲಿ ಅದಕ್ಕೆ ಜಾಗವಿಲ್ಲ.

ನಮ್ಮಲ್ಲಿ ಗಣಿತದ ಮಾತು ಬಂದರೆ ಅಲ್ ಖ್ವಾರಿಝ್ಮಿಯ ಹೆಸರು, ಯಂತ್ರದ ಮಾತು ಬಂದರೆ ಅಲ್ ಜಝರಿಯ ಹೆಸರು ವೇದಿಕೆಯಲ್ಲಿ ಕೇಳುತ್ತದೆ. ಸಂತೋಷ. ಆದರೆ 1206ರಲ್ಲಿ ತನ್ನ ಯಂತ್ರಗಳ ಗ್ರಂಥ ಮುಗಿಸಿದ ಜಝರಿ ಭಾಷಣಕಾರ ಅಲ್ಲ, ಕೈಕೆಲಸದವ. ಕೊಳದಲ್ಲಿ ತೇಲುವ ದೋಣಿಯಲ್ಲಿ ಗೊಂಬೆಗಳಿಂದ ವಾದ್ಯ ನುಡಿಸಿದವ. ನೀರು, ತಾಮ್ರ, ಮರ ಹಿಡಿದು ಮಾಡಿ ನೋಡಿ, ಕೆಟ್ಟರೆ ಸರಿಪಡಿಸಿದವ. ಹಳೆಯ ಮಿಕ್ಸಿಯ ಮೋಟಾರ್ ಬಿಚ್ಚಿದ ಮಗುವಿಗೆ ಬೈಯುವ ನಾವು ಅವನ ಹೆಸರು ಹೇಳುವಾಗ ಸ್ವಲ್ಪ ಯೋಚಿಸಬೇಕು.

ಇದು ಬರೀ ಹವ್ಯಾಸದ ಮಾತಲ್ಲ. ಚಾಲಕನಿಲ್ಲದ ದುಬೈ ಮೆಟ್ರೋ ಓಡಲು ಶುರುವಾದದ್ದು 2009ರಲ್ಲಿ. ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದು ಗಲ್ಫಿನ ಡ್ರೈವರ್, ಸ್ಟೋರ್ ಕೀಪರ್, ಗೋದಾಮಿನ ಕೆಲಸದಿಂದ. ದೊಡ್ಡ ಗೋದಾಮುಗಳಲ್ಲಿ ಸಾಮಾನು ಹೊತ್ತು ತಿರುಗುವ ರೋಬೋಟ್‌ಗಳು ಬಂದಾಗಿದೆ. ಅವನ್ನು ನಡೆಸಲು, ದಾರಿ ತಪ್ಪಿದಾಗ ಸರಿಮಾಡಲು ಜನ ಬೇಕೇ ಬೇಕು. ಆ ಜನರಲ್ಲಿ ನಮ್ಮ ಮಕ್ಕಳು ಇರುತ್ತಾರಾ ಎಂಬುದೇ ಪ್ರಶ್ನೆ.

ಭಾಷೆಯ ಹೆದರಿಕೆ ಬೇಡ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮದ್ರಸದಲ್ಲಿ ಅರಬಿ ಕಲಿಯುವ ಮಕ್ಕಳು ನಮ್ಮವರು. ಪ್ರೋಗ್ರಾಂ ಭಾಷೆಯಲ್ಲಿ ಮೊದಲಿಗೆ ಬೇಕಾದ ಪದಗಳು ಬೆರಳೆಣಿಕೆಯಷ್ಟು. ಕೈಯಲ್ಲಿ ಬೋರ್ಡ್ ಇಲ್ಲದಿದ್ದರೂ ಟಿಂಕರ್‌ಕ್ಯಾಡ್‌ನಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಆರ್ಡುಯಿನೋ ಜೋಡಿಸಿ ನೋಡಬಹುದು, ದುಡ್ಡಿಲ್ಲ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ಅದರ ಬೀಗ ತೆಗೆಯುತ್ತಾರಾ ಎಂದು ಪೋಷಕರ ಸಭೆಯಲ್ಲಿ ಕೇಳಿ.

ಜಮಾಅತ್ ಕಮಿಟಿಯವರಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರಕ್ಕೆ ಶಾಲು, ಸ್ಮರಣಿಕೆ ತರುತ್ತೇವೆ. ಆ ಖರ್ಚಿನ ಒಂದು ಪಾಲಿನಲ್ಲಿ ನಾಲ್ಕು ಬೋರ್ಡ್, ಒಂದಷ್ಟು ಸೆನ್ಸರ್, ಮೋಟಾರ್ ಬರುತ್ತದೆ. ಆದಿತ್ಯವಾರ ಅಸರ್ ನಮಾಝಿನ ಬಳಿಕ ಮದ್ರಸ ಹಾಲಿನ ಬಾಗಿಲು ತೆರೆದಿಡಿ. ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಕೂರಿಸಿ. ಹುಡುಗಿಯರಿಗೂ ಸಮಯ ಇಡಿ, ಅದನ್ನು ಮೊದಲೇ ಇಡಿ. ಸರ್ಟಿಫಿಕೇಟ್ ಬೇಡ. ಗಾಡಿ ದಾರಿ ತಪ್ಪಿದಾಗ ನಗದೆ ಪಕ್ಕದಲ್ಲಿ ಕೂರುವ ಹಿರಿಯರು ಇದ್ದರೆ ಸಾಕು.

ತಂಗಿಯ ಮಗಳ ಗಾಡಿ ಈಗಲೂ ದೊಡ್ಡ ತಿರುವಿನಲ್ಲಿ ಗೆರೆ ಬಿಡುತ್ತದೆ. ಆದರೆ ಯಾಕೆ ಬಿಡುತ್ತದೆ ಎಂದು ಅವಳಿಗೆ ಗೊತ್ತುಂಟು. ತಮ್ಮನೂ ಈಗ ಪಕ್ಕದಲ್ಲಿ ಕೂತು ಅಂಕಿ ಬರೆದುಕೊಡುತ್ತಾನೆ.