ಅತಿಥಿಯ ವಿಮಾನ ಟಿಕೆಟು, ಊರಿನವರ ಹಣ

ಗಡಿನಾಡಿನ ಹಲವು ಕನ್ನಡ ಮಾಧ್ಯಮ ಶಾಲೆಗಳು ಶತಮಾನೋತ್ಸವದ ಹೊಸ್ತಿಲಲ್ಲಿವೆ. ಇಲ್ಲಿ ಅಕ್ಷರ ಕಲಿತು ಅಮೆರಿಕ, ಕೆನಡ, ಇಂಗ್ಲೆಂಡುಗಳಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆಯಬೇಕೆಂಬ ಆಸೆ ಸಹಜವಾದುದು. ಕನ್ನಡದಲ್ಲಿ ಕಲಿತವರೂ ಜಗತ್ತಿನ ಯಾವ ಮೂಲೆಗಾದರೂ ತಲುಪಬಲ್ಲರೆಂಬುದನ್ನು ಮಕ್ಕಳು ಕಣ್ಣಾರೆ ಕಾಣುವುದಕ್ಕೆ ಬೆಲೆ ಕಟ್ಟಲಾಗದು. ಆದರೆ ವಿಮಾನದ ಟಿಕೆಟಿಗೆ ಬೆಲೆಯುಂಟು. ಕರೆಯುವ ತೀರ್ಮಾನ ಒಂದೇ ಸಭೆಯಲ್ಲಿ ಆಗುತ್ತದೆ. ಯಾವ ದರ್ಜೆಯಲ್ಲಿ ಕರೆತರಬೇಕೆಂಬ ಪ್ರಶ್ನೆ ಮೂರು ಸಭೆಗಳಾದರೂ ಬಗೆಹರಿಯುವುದಿಲ್ಲ. ಎಕಾನಮಿಯಲ್ಲಿ ಕರೆತಂದರೆ ಅಗೌರವವೆಂದು ಒಬ್ಬರು. ರಶೀದಿ ಹರಿದು ಕೂಡಿಸಿದ ಹಣವನ್ನು ಆಕಾಶದಲ್ಲಿ ಕರಗಿಸುವುದೇ ಎಂದು ಇನ್ನೊಬ್ಬರು.

ಮೊದಲು ಹಣದ ಸ್ವರೂಪವನ್ನು ನೋಡೋಣ. ಹೆತ್ತವರೂ ಊರವರೂ ಕೊಟ್ಟ ದೇಣಿಗೆಗೆ ಸಮಿತಿಯು ಒಡೆಯನಲ್ಲ, ಪಾಲಕ ಮಾತ್ರ. ನ್ಯಾಸಧಾರಿಯು ನ್ಯಾಸದ ಸ್ವತ್ತನ್ನು, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ಸ್ವತ್ತನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನಿರ್ವಹಿಸತಕ್ಕದ್ದೆಂದು 1882ರ ಭಾರತೀಯ ನ್ಯಾಸ ಕಾಯಿದೆಯ 15ನೆಯ ಕಲಮು ವಿಧಿಸುತ್ತದೆ. ಆ ಕಾಯಿದೆ ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದಾದರೂ ಅದರ ತತ್ತ್ವ ಸಾರ್ವಜನಿಕ ದೇಣಿಗೆಗೂ ಸಲ್ಲುತ್ತದೆ. ಹಾಗೆಂದು ಅತಿ ಅಗ್ಗದ ಟಿಕೆಟನ್ನೇ ಕೊಳ್ಳಬೇಕೆಂದು ಅರ್ಥವಲ್ಲ. ಸ್ವಂತ ತಂದೆಯನ್ನು ಅಮೆರಿಕದಿಂದ ಕರೆಸಿಕೊಳ್ಳುವಾಗ ವಿವೇಕಿಯೊಬ್ಬನು ಏನು ಮಾಡುತ್ತಿದ್ದನೋ ಅದನ್ನೇ ಸಮಿತಿಯೂ ಮಾಡಬೇಕು.

ವಿವೇಕಿ ಮೊದಲಿಗೆ ಕೇಳುವ ಪ್ರಶ್ನೆ, ಹೆಚ್ಚು ಕೊಟ್ಟರೆ ಸಿಗುವುದೇನು ಎಂಬುದು. ದೂರ ಪ್ರಯಾಣದ ಎಕಾನಮಿ ದರ್ಜೆಯಲ್ಲಿ ಒಂದು ಸಾಲಿನಿಂದ ಮುಂದಿನ ಸಾಲಿಗೆ ಸಾಮಾನ್ಯವಾಗಿ 31-32 ಅಂಗುಲ ಅಂತರ. ಪ್ರೀಮಿಯಂ ಎಕಾನಮಿಯಲ್ಲಿ ಅದು ಸುಮಾರು 38 ಅಂಗುಲ. ಆಸನವೂ ತುಸು ಅಗಲ, ಹೆಚ್ಚು ಹಿಂದಕ್ಕೆ ಬಾಗುತ್ತದೆ. ಬಿಸಿನೆಸ್ ದರ್ಜೆಯಲ್ಲಿ ಬಹುಪಾಲು ದೊಡ್ಡ ವಿಮಾನಗಳ ಆಸನ ಹಾಸಿಗೆಯಂತೆ ಚಪ್ಪಟೆಯಾಗುತ್ತದೆ. ಊಟ, ಪಾನೀಯ, ವಿಶ್ರಾಂತಿ ಕೊಠಡಿಗಳೆಲ್ಲ ಉಪಚಾರ. ನಿಜವಾಗಿ ನಾವು ಕೊಳ್ಳುವುದು ನಿದ್ರೆಯನ್ನು.

ಒಂದು ಕಲ್ಪಿತ ಲೆಕ್ಕ ಹಾಕೋಣ. ಹೋಗಿಬರುವ ಎಕಾನಮಿ ಟಿಕೆಟು 1,00,000 ರೂಪಾಯಿ, ಪ್ರೀಮಿಯಂ ಎಕಾನಮಿ 1,75,000, ಬಿಸಿನೆಸ್ 3,50,000 ಎಂದಿಟ್ಟುಕೊಳ್ಳಿ. ಮೂವರು ಅತಿಥಿಗಳನ್ನು ಬಿಸಿನೆಸ್ ದರ್ಜೆಯಲ್ಲಿ ಕರೆತಂದರೆ ಎಕಾನಮಿಗಿಂತ 7,50,000 ರೂಪಾಯಿ ಅಧಿಕ. ಆ ಮೊತ್ತದಲ್ಲಿ ಶಾಲೆಯ ಗ್ರಂಥಾಲಯ, ಶೌಚಾಲಯ, ಆಟದ ಬಯಲುಗಳಿಗೆ ಏನೇನು ಆಗುತ್ತಿತ್ತೆಂದು ಪ್ರತಿಯೊಂದು ಸಮಿತಿಗೂ ಗೊತ್ತು.

ಇಲ್ಲಿ ಮಧ್ಯಮಾರ್ಗಗಳುಂಟು. ಬರುವಾಗ ಒಂದು ದರ್ಜೆ, ಮರಳುವಾಗ ಇನ್ನೊಂದು ದರ್ಜೆ ಎಂದು ಒಂದೇ ಟಿಕೆಟಿನಲ್ಲಿ ಕಾದಿರಿಸಲು ಅನೇಕ ವಿಮಾನ ಸಂಸ್ಥೆಗಳು ಅವಕಾಶ ಕೊಡುತ್ತವೆ. ಒಂದೇ ದಿಕ್ಕಿಗೆ ಮೇಲ್ದರ್ಜೆ ಕೊಡುವುದಾದರೆ ಬರುವ ದಿಕ್ಕಿಗೇ ಕೊಡಿ. ಅಮೆರಿಕದಿಂದ ಪೂರ್ವಕ್ಕೆ ಹಾರಿ ಬರುವಾಗ ದೇಹದ ಗಡಿಯಾರ ಹೊಂದಿಕೊಳ್ಳುವುದು ಸಾಮಾನ್ಯವಾಗಿ ಹೆಚ್ಚು ಕಷ್ಟ. ಭಾಷಣವಿರುವುದೂ ಬಂದ ಮೇಲೆಯೇ. ಇದಕ್ಕಿಂತಲೂ ಅಗ್ಗದ ಉಪಾಯವೊಂದಿದೆ: ಅತಿಥಿಯನ್ನು ಎರಡು ದಿನ ಮೊದಲೇ ಕರೆಸಿಕೊಂಡು ಶಾಂತವಾದ ಮನೆಯಲ್ಲಿ ನಿದ್ರಿಸಲು ಬಿಡುವುದು. ಬೆಳಿಗ್ಗೆ ಇಳಿಸಿ, ಮಧ್ಯಾಹ್ನ ಮೆರವಣಿಗೆ, ಸಂಜೆ ಭಾಷಣವೆಂದು ನಿಗದಿಪಡಿಸಿದರೆ ಬಿಸಿನೆಸ್ ದರ್ಜೆಯೂ ಅವರನ್ನು ಕಾಪಾಡದು. ಉತ್ಸವದ ದಿನಾಂಕವೂ ದರವನ್ನು ನಿರ್ಧರಿಸುತ್ತದೆ. ಡಿಸೆಂಬರ್ ನಡುವಿನಿಂದ ಜನವರಿಯ ಮೊದಲ ವಾರದವರೆಗೆ ದರ ಏರಿರುತ್ತದೆ; ಜನವರಿಯ ಕೊನೆಗೋ ಫೆಬ್ರವರಿಗೋ ಇಟ್ಟುಕೊಂಡರೆ ಉಳಿತಾಯ ಸಾಧ್ಯ, ವಾರ್ಷಿಕ ಪರೀಕ್ಷೆಗೂ ತೊಂದರೆಯಿಲ್ಲ.

ಆದರೆ ಉಳಿತಾಯಕ್ಕೂ ಮೇರೆಯಿದೆ. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕದಲದೆ ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಅಧ್ಯಯನ ತಿಳಿಸಿತು. ಆರೋಗ್ಯವಂತರಲ್ಲಿ ಆ ಅಪಾಯ ತೀರ ಸಣ್ಣದು, ಸುಮಾರು 6,000ದಲ್ಲಿ ಒಬ್ಬರಿಗೆ. ಆಗಾಗ ಎದ್ದು ನಡೆಯುವುದು ಯಾವ ದರ್ಜೆಯಲ್ಲಿದ್ದರೂ ಅಗತ್ಯ. ಆದರೆ ಎಪ್ಪತ್ತು ದಾಟಿದ ಗುರುಗಳಿಗೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರಿಗೆ, ಮಂಡಿನೋವಿನವರಿಗೆ ಮೇಲ್ದರ್ಜೆ ಆಡಂಬರವಲ್ಲ, ಅವಶ್ಯಕತೆ. ಅದಕ್ಕೆ ಖರ್ಚು ಮಾಡಿದ ಸಮಿತಿಯನ್ನು ಮಹಾಸಭೆಯಲ್ಲಿ ಯಾರೂ ಆಕ್ಷೇಪಿಸಲಾರರು. ಮೂವತ್ತೈದರ ಉದ್ಯೋಗಸ್ಥನಿಗೆ ಹುದ್ದೆಯ ಕಾರಣದಿಂದ ಅದೇ ಟಿಕೆಟು ಕೊಟ್ಟರೆ ಪ್ರಶ್ನೆ ಏಳುತ್ತದೆ, ಏಳಲೇಬೇಕು.

ಟಿಕೆಟು ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮಂಗಳೂರಿಗಾಗಲಿ ಕಣ್ಣೂರಿಗಾಗಲಿ ಅಮೆರಿಕದಿಂದ ನೇರ ವಿಮಾನವಿಲ್ಲ; ಕೊನೆಯ ಹಂತ ಬಹುಮಟ್ಟಿಗೆ ಸಣ್ಣ ವಿಮಾನದಲ್ಲಿಯೇ. ಬಿಸಿನೆಸ್ ಎಂದು ಹಣ ತೆತ್ತ ಟಿಕೆಟಿನ ಒಂದು ಹಂತ ಎಕಾನಮಿಯದೇ ಆಗಿರಬಹುದು. ಆದುದರಿಂದ ಪ್ರತಿಯೊಂದು ಹಂತದ ದರ್ಜೆಯನ್ನೂ ಬೇರೆ ಬೇರೆಯಾಗಿ ಓದಿ ನೋಡಿ. ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟು ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟಿರಲಿ. ಇಲ್ಲಿಂದ ಹೊರಡುವ ಪ್ರಯಾಣವಾದರೆ ತೆರಿಗೆಯನ್ನೂ ಲೆಕ್ಕಿಸಿ: ಎಕಾನಮಿಗೆ ಜಿಎಸ್‌ಟಿ ಶೇ. 5, ಉಳಿದ ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18.

ಮೇಲ್ದರ್ಜೆಯ ಟಿಕೆಟು ಕೊಂಡ ಮೇಲೆ ವಿಮಾನ ಸಂಸ್ಥೆಯೇ ಪ್ರಯಾಣಿಕರನ್ನು ಕೆಳದರ್ಜೆಗೆ ಇಳಿಸಿದರೆ ಸುಮ್ಮನಿರಬೇಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ 2023ರ ಫೆಬ್ರವರಿಯಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಭಾರತೀಯ ಸಂಸ್ಥೆಗಳು 3,500 ಕಿಲೋಮೀಟರ್ ಮೀರಿದ ಅಂತರರಾಷ್ಟ್ರೀಯ ಹಾರಾಟಕ್ಕೆ ತೆರಿಗೆಯೂ ಸೇರಿದ ಟಿಕೆಟು ಬೆಲೆಯ ಶೇ. 75ನ್ನು ಮರಳಿಸಬೇಕು. ವಿದೇಶೀ ಸಂಸ್ಥೆಗಳಿಗೆ ಅವುಗಳ ದೇಶದ ನಿಯಮವೂ ಅನ್ವಯಿಸಬಹುದು. ಭಾರತೀಯ ಸಂಸ್ಥೆಗಳ 'ಹಣ ವಾಪಸಿಲ್ಲ' ಎಂಬ ಟಿಕೆಟನ್ನು ರದ್ದುಪಡಿಸಿದಾಗಲೂ ಶಾಸನಬದ್ಧ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಕೊನೆಯದಾಗಿ, ಆಮಂತ್ರಣ ಕಳುಹಿಸುವ ಮುನ್ನವೇ ಸಮಿತಿಯು ನಡಾವಳಿ ಪುಸ್ತಕದಲ್ಲಿ ನಿಯಮವೊಂದನ್ನು ಬರೆದಿಡಲಿ: ಎಲ್ಲರಿಗೂ ಎಕಾನಮಿ, ಇಂತಿಷ್ಟು ವಯಸ್ಸು ದಾಟಿದವರಿಗೆ ಅಥವಾ ವೈದ್ಯಕೀಯ ಕಾರಣವಿದ್ದವರಿಗೆ ಇಂತಹ ದರ್ಜೆ, ಮೂರು ಕಡೆಗಳಿಂದ ದರಪಟ್ಟಿ, ಸಮಿತಿಯ ಸದಸ್ಯರದೋ ಅವರ ಬಂಧುಗಳದೋ ಏಜೆನ್ಸಿಯಾದರೆ ಅದನ್ನು ಮೊದಲೇ ತಿಳಿಸಿ, ಆ ಸದಸ್ಯರು ತೀರ್ಮಾನದಿಂದ ಹೊರಗಿರಬೇಕು. ಹೆಸರುಗಳು ಬರುವ ಮೊದಲೇ ಬರೆದ ನಿಯಮದಿಂದ ಯಾರಿಗೂ ಅವಮಾನವಾಗದು. ಹೆಸರು ನೋಡಿದ ಮೇಲೆ ಬರೆದ ನಿಯಮವನ್ನು ಯಾರೂ ನಂಬರು.

ಅತಿಥಿಗೂ ಸಂಕೋಚವಿಲ್ಲದೆ ಬರೆಯಿರಿ: ಇದು ಶಾಲಾ ಮಕ್ಕಳ ಹೆತ್ತವರಿಂದ ಕೂಡಿಸಿದ ಹಣ, ಇಷ್ಟನ್ನು ಭರಿಸಬಲ್ಲೆವು, ತಾವು ಸ್ವಂತ ಖರ್ಚಿನಿಂದಾಗಲಿ ಮೈಲುಗಳ ಉಳಿತಾಯದಿಂದಾಗಲಿ ದರ್ಜೆ ಏರಿಸಿಕೊಳ್ಳುವುದಾದರೆ ಅದಕ್ಕೆ ಅನುವಾಗುವ ಟಿಕೆಟನ್ನೇ ಕೊಳ್ಳುತ್ತೇವೆ ಎಂದು. ಅದೇ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತವರಿಗೆ ಈ ಮಾತು ಅರ್ಥವಾಗುತ್ತದೆ. ಟಿಕೆಟಿನ ಖರ್ಚನ್ನು ವಾರ್ಷಿಕ ಲೆಕ್ಕಪತ್ರದಲ್ಲಿ 'ಇತರ ವೆಚ್ಚ'ದಡಿ ಮುಚ್ಚಿಡದೆ, ಪ್ರತ್ಯೇಕ ಸಾಲಿನಲ್ಲಿಯೇ ಕಾಣಿಸಿ.